ಕೋಟಪ್ಪನ ಬೆನ್ನ ಹಿಂದೆ

ನನ್ನ ಹೆಂಡತಿ ಜಲಜಾಕ್ಷಿ ಓದಲು ಕೂತ ದಿನ ನಮ್ಮ ಮನೆಯಲ್ಲಿ ಒಲೆ ಹಚ್ಚುವ ಕೆಲಸ ನನ್ನದು. ಇದೇನು ಮದುವೆಗೆ ಮುಂಚೆ ಮಾತಾಡಿಕೊಂಡ ಕರಾರಲ್ಲ. ಮದುವೆಯಾದ ಎರಡನೇ ತಿಂಗಳು, ಒಂದು ಶನಿವಾರ ಬೆಳಿಗ್ಗೆ, ಅವಳು ತಲೆಗೆ ಸ್ನಾನ ಮಾಡಿ, ತವರಿನಿಂದ ತಂದಿದ್ದ ಸಣ್ಣ ತಗಡಿನ ಪೆಟ್ಟಿಗೆಯನ್ನು ಎತ್ತಿಕೊಂಡು ನಡುಮನೆಯ ಕಿಟಕಿಯ ಹತ್ತಿರ ಹೋಗಿ ಕೂತಳು. "ಸಂಜೆ ಕಾಫಿ ಹೊತ್ತಿಗೆ ಏಳ್ತೀನಿ ಕಣ್ರಿ. ಅಲ್ಲೀವರೆಗೆ ಮನೆಗೆ ಬೆಂಕಿ ಬಿದ್ರೂ ಕರೀಬೇಡಿ," ಅಂದಳು. ಏನೋ ವ್ರತ ಇರಬೇಕು ಅಂದುಕೊಂಡು ನಾನು ಸುಮ್ಮನಾದೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಕಿಸಕ್ಕನೆ ನಗು ಕೇಳಿಸಿತು. ವ್ರತ ಹಿಡಿದವರು ಹಾಗೆ ನಗುವುದಿಲ್ಲ. ಬಾಗಿಲ ಸಂದಿಯಿಂದ ಇಣುಕಿದರೆ, ಹೈಸ್ಕೂಲಿನ ಇನ್ನೂರು ಮಕ್ಕಳನ್ನು ಒಂದೇ ಸಲ ಸೀಟಿ ಊದಿ ಸಾಲಾಗಿ ನಿಲ್ಲಿಸುವ ಡ್ರಿಲ್ ಮೇಡಂ ಕಾಲು ಚಾಚಿಕೊಂಡು ಕೂತು ಮಕ್ಕಳ ಕಾಮಿಕ್ಸ್ ಓದುತ್ತಿದ್ದಳು.

ನಾನು ಈ ಊರಿನವನಲ್ಲ. ಹೊಲಿಗೆ ಯಂತ್ರ ರಿಪೇರಿ ಮಾಡುವವನು. ಇಲ್ಲಿಯ ಟೈಲರ್ ಒಬ್ಬರ ನಾಲ್ಕು ಯಂತ್ರ ಒಟ್ಟಿಗೆ ಕೆಟ್ಟವು ಅಂತ ಮೂರು ದಿನದ ಕೆಲಸಕ್ಕೆ ಬಂದವನು ಮೂವತ್ತು ವರ್ಷದಿಂದ ಇಲ್ಲೇ ಇದ್ದೇನೆ. ಭದ್ರಣ್ಣ ಅಂದರೆ ಈಗ ಎಲ್ಲರಿಗೂ ಗೊತ್ತು. ಆದರೆ ಹೊರಗಿನವನು ಅನ್ನುವ ಹೆಸರು ಪೂರ್ತಿ ಹೋಗಿಲ್ಲ, ಯಾಕೆಂದರೆ ನನ್ನದು ಅಂತ ಒಂದು ಕಾಮಿಕ್ಸ್ ಇಲ್ಲ.

ಇಲ್ಲಿ ಮಗುವಿಗೆ ಆರು ತುಂಬಿದ ಮೇಲೆ ಬಸ್‌ಸ್ಟ್ಯಾಂಡಿನ ಪುಸ್ತಕದಂಗಡಿಗೆ ಕರೆದುಕೊಂಡು ಹೋಗುತ್ತಾರೆ. ಅದು ಬೆರಳು ಮಾಡಿದ ಕಾಮಿಕ್ಸ್ ಒಂದನ್ನು ಕೊಡಿಸುತ್ತಾರೆ. ಒಂದೇ ಹೆಸರಿನ ಎರಡು ಪುಸ್ತಕ ಆ ಅಂಗಡಿಯಲ್ಲಿ ಇದುವರೆಗೆ ಯಾರೂ ಕಂಡಿಲ್ಲ. ಮೂವತ್ತೆರಡು ಪುಟ, ಕೊನೆಯಲ್ಲಿ 'ಮುಗಿಯಿತು' ಅಂತ ದಪ್ಪ ಅಕ್ಷರ. ಮಗು ಅದನ್ನು ಮೊದಲಿನಿಂದ ಕೊನೆಯವರೆಗೆ ಇನ್ನೊಂದು ಸಲ ಓದಿದರೆ 'ಮುಗಿಯಿತು' ಎಂಬುದರ ಕೆಳಗೆ ಹೊಸದೊಂದು ಚೌಕ ಬಂದಿರುತ್ತದೆ, ಚಿತ್ರ ಮಾತು ಎರಡೂ ಇರುವ ಚೌಕ. ಮತ್ತೊಂದು ಸಲ ಓದಿದರೆ ಮತ್ತೊಂದು. ಪುಟ ತುಂಬಿದರೆ ಹೊಸ ಹಾಳೆ. ಹಾಳೆ ಎಲ್ಲಿಂದ ಬಂತು ಅಂತ ನಾನು ಮದುವೆಯಾದ ಹೊಸದರಲ್ಲಿ ಕೇಳಿದ್ದೆ. "ಹಾಗಂದ್ರೆ?" ಅಂತ ನನ್ನ ಮಾವನವರು ನನ್ನನ್ನೇ ತಿರುಗಿ ಕೇಳಿದರು. ಷರತ್ತು ಒಂದೇ. ಒಂದು ಪುಟವನ್ನೂ ಹಾರಿಸಬಾರದು. ಹಾರಿಸಿದರೆ ಆ ಸಲ ಏನೂ ಬರುವುದಿಲ್ಲ.

ಇದಕ್ಕೆ ತಕ್ಕ ಹಾಗೆ ಊರು ತನ್ನ ಸಂಸಾರ ಹೊಂದಿಸಿಕೊಂಡಿದೆ. ಶಾಲೆ, ಬ್ಯಾಂಕು, ಪಂಚಾಯ್ತಿ ಎಲ್ಲ ಕಡೆ ಓದುರಜೆ ಉಂಟು. ಒಮ್ಮೆ ಹಲ್ಲಿನ ಡಾಕ್ಟರು ನನ್ನ ಬಾಯಿಗೆ ಹತ್ತಿ ತುರುಕಿ, "ಒಂದ್ ಎಂಟು ಪುಟ ಉಳಿದಿತ್ತು, ಮುಗಿಸ್ಕೊಂಡ್ ಬಂದ್ಬಿಡ್ತೀನಿ" ಅಂತ ಒಳಗೆ ಹೋದವರು ಮುಕ್ಕಾಲು ಗಂಟೆ ಬರಲಿಲ್ಲ. ಬಂದಾಗ ಮುಖ ಅರಳಿಸಿಕೊಂಡು ಬಂದರು, ಹಲ್ಲು ಕಿತ್ತದ್ದೇ ಗೊತ್ತಾಗಲಿಲ್ಲ. ಹೆಣ್ಣು, ಗಂಡು ನೋಡಲು ಹೋದವರು ಓದು, ನೌಕರಿ ಕೇಳುವ ಮೊದಲು ಎಷ್ಟು ಚೌಕ ಆಯಿತು ಅಂತ ಕೇಳುತ್ತಾರೆ. ಮೂವತ್ತರ ಗಂಡಿಗೆ ನಲವತ್ತೇ ಚೌಕ ಅಂದರೆ, ಇವನು ಒಂದು ಕಡೆ ನಿಲ್ಲುವ ಪೈಕಿ ಅಲ್ಲ ಅಂತ ಎದ್ದು ಬರುತ್ತಾರೆ. ನನ್ನನ್ನು ಕೇಳಿದಾಗ ಅದೇನು ಅಂತಲೇ ತಿಳಿಯದೆ ನಾನು ಸೊನ್ನೆ ಅಂದೆ. ಮಾವನವರು ತಂದೆತಾಯಿ ಇಲ್ಲದ ಮಗುವಿಗೆ ಹೇಳುವ ಧಾಟಿಯಲ್ಲಿ, "ಹೋಗ್ಲಿ ಬಿಡಪ್ಪ, ನಿನ್ ತಪ್ಪಲ್ಲ" ಅಂದರು. ಮದುವೆಯಾದ ಮೇಲೆ ನಾನೂ ಒಂದು ಕಾಮಿಕ್ಸ್ ಕೊಂಡು ಏಳು ಸಲ ಓದಿದ್ದುಂಟು. ಮುಗಿದದ್ದು ಮುಗಿದೇ ಇತ್ತು. ಹಾಲುಹಲ್ಲು ಬೀಳುವ ಮೊದಲೇ ಶುರುಮಾಡಬೇಕಂತೆ.

ಹೊಸ ಚೌಕದಲ್ಲಿ ಏನು ಬಂತು ಅಂತ ಸುದ್ದಿ ಹೇಳಬಹುದು, ನಲ್ಲಿಯ ಹತ್ತಿರ ಅದೇ ಮಾತು. ಆದರೆ ಪುಸ್ತಕವನ್ನು ಯಾರೂ ಯಾರಿಗೂ ತೋರಿಸುವುದಿಲ್ಲ. ಮೊದಲ ಮೂವತ್ತೆರಡು ಪುಟಕ್ಕೆ ಇಲ್ಲಿ 'ಬೇರು' ಅನ್ನುತ್ತಾರೆ. ಬೇರಿನ ಕಥೆ ಅದನ್ನು ಓದುವವರ ಸ್ವಂತದ್ದು, ಗಂಡನೂ ಕೇಳಬಾರದು. ಇನ್ನೊಬ್ಬರ ಕಾಮಿಕ್ಸ್ ಮುಟ್ಟುವುದೆಂದರೆ ಪಕ್ಕದವರ ಎಲೆಗೆ ಕೈಹಾಕಿ ಉಂಡ ಹಾಗೆ.

ಜಲಜಳ ಪುಸ್ತಕದ ಹೆಸರು 'ಮಿಂಚಮ್ಮ ಮತ್ತು ಮೀಸೆ ಕೋಟಪ್ಪ'. ಮಿಂಚಮ್ಮ ಸೈಕಲ್ಲಿನ ಮೇಲೆ ಓಡಾಡುವ ಚೂಟಿ ಹುಡುಗಿ, ಕೋಟಪ್ಪ ಗಂಟೆ ಕದಿಯುವ ಕಳ್ಳ, ಬೇರಿನ ಕೊನೆಯಲ್ಲಿ ಅವಳು ಅವನನ್ನು ಹಿಡಿಯುತ್ತಾಳೆ. ಇಷ್ಟು ಮಾತ್ರ ನನಗೆ ಗೊತ್ತಿತ್ತು. ಅದಾದ ಮೇಲಿನ ನಲವತ್ತೆಂಟು ವರ್ಷದ ಸುದ್ದಿಯಲ್ಲಿ ಮೂವತ್ತು ವರ್ಷದ್ದನ್ನು ನಾನು ಊಟದ ಹೊತ್ತಿಗೆ ಕೇಳಿಕೊಂಡು ಬಂದಿದ್ದೇನೆ. ಕೋಟಪ್ಪ ಜೈಲಿನಲ್ಲಿ ಈರುಳ್ಳಿ ಸುಲಿದ. ಮೀಸೆ ಬೋಳಿಸಿಕೊಂಡ. ಬಿಡುಗಡೆಯಾಗಿ ಬಸ್ಸಿನಲ್ಲಿ ಬಾಚಣಿಗೆ ಮಾರಿದ. ಮಿಂಚಮ್ಮ ಬೆಳೆದು ಸೈಕಲ್ ಶಾಪ್ ಇಟ್ಟಳು, ಅವಳ ಕೂದಲಿಗೆ ಬಿಳುಪು ಬಂತು. ಒಂದು ಮಳೆಗಾಲ ಕೋಟಪ್ಪನಿಗೆ ಜ್ವರ ಬಂದು ನಾಲ್ಕು ಚೌಕ ಅವನು ಕಣ್ಣು ಬಿಡಲಿಲ್ಲ. ನಾಲ್ಕು ಚೌಕ ಅಂದರೆ ನಾಲ್ಕು ತಿಂಗಳು, ಯಾಕೆಂದರೆ ಜಲಜ ಓದುವುದು ತಿಂಗಳಿಗೊಮ್ಮೆ, ಎರಡನೇ ಶನಿವಾರ. ಆ ನಾಲ್ಕು ತಿಂಗಳು ನಮ್ಮ ಮನೆಯಲ್ಲಿ ಒಗ್ಗರಣೆ ಸರಿಯಾಗಿ ಬೀಳಲಿಲ್ಲ. ನನಗೆ ಟೈಫಾಯಿಡ್ ಆದಾಗ ಅವಳು ಹನ್ನೊಂದನೇ ದಿನಕ್ಕೆ ಖೋಖೋ ಕೋಚಿಂಗಿಗೆ ಹೊರಟಿದ್ದಳು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ: ನನಗೆ ಆ ಕೋಟಪ್ಪನನ್ನು ಕಂಡರೆ ಹೊಟ್ಟೆಕಿಚ್ಚು.

ಹೋದ ವರ್ಷದ ಕಾರ್ತಿಕದ ಓದಿಗೆ ಬಂದ ಚೌಕ ಇಡೀ ಬೀದಿಯನ್ನು ಕುಣಿಸಿಬಿಟ್ಟಿತು. ಮುದುಕನಾದ ಕೋಟಪ್ಪ ಮಿಂಚಮ್ಮನ ಮನೆಯ ಬಾಗಿಲಿಗೆ ಬಂದು ನಿಂತಿದ್ದಾನೆ. ಬಾಗಿಲು ಅರ್ಧ ತೆರೆದಿದೆ. ಅವನ ಎರಡೂ ಕೈ ಬೆನ್ನ ಹಿಂದೆ. ಕೈಯಲ್ಲಿ ಏನಿದೆ? ಪಕ್ಕದ ಮನೆಯ ಪುಟ್ಟಲಿಂಗಮ್ಮ ಮಚ್ಚು ಅಂದರು. "ಜೈಲಿಗ್ ಹಾಕ್ಸಿದೋಳ್ನ ಯಾವ ಕಳ್ಳ ಸುಮ್ನೆ ಬಿಡ್ತಾನೆ, ನೋಡ್ತಾ ಇರಿ" ಅನ್ನುತ್ತ ಸೊಪ್ಪು ಸೋಸುತ್ತಿದ್ದರು. ಲೈಬ್ರರಿಯ ಗಂಗಾಧರಯ್ಯನವರು, ವಯಸ್ಸು ಎಂಬತ್ತಾದರೂ ರಸಿಕರು, ಒಂದು ಮೊಳ ಮಲ್ಲಿಗೆ ಅಂದರು. ಕದ್ದ ಗಂಟೆಗಳಲ್ಲಿ ಒಂದನ್ನು ವಾಪಸ್ಸು ತಂದಿರಬೇಕು ಅಂತ ಕ್ಷೌರದಂಗಡಿಯಲ್ಲಿ ತೀರ್ಮಾನವಾಯಿತು. ನಾನು, ಬೋಳಿಸಿದ ಮೀಸೆಯನ್ನು ಪೊಟ್ಟಣ ಕಟ್ಟಿ ತಂದಿದ್ದಾನೆ ಅಂದೆ. ಜಲಜ ಎರಡು ದಿನ ನನ್ನ ಜೊತೆ ಮಾತು ಬಿಟ್ಟು, ಮೂರನೇ ದಿನ, "ನಲವತ್ತೆಂಟು ವರ್ಷದಿಂದ ಅವರಿಬ್ರೂ ಎದುರುಬದುರಾಗಿಲ್ಲ ಕಣ್ರಿ. ಈಗ ಆಗಿದಾರೆ. ನಿಮಗೆ ಅದು ತಮಾಷೆ," ಅಂದಳು. ಅವಳ ಕಣ್ಣು ನೋಡಿದೆ. ನಿಜವಾಗಿಯೂ ಅದು ತಮಾಷೆಯಾಗಿರಲಿಲ್ಲ.

ಅದಾದ ಒಂದು ವಾರಕ್ಕೆ ಅವಳು ಹುಡುಗಿಯರ ಖೋಖೋ ತಂಡವನ್ನು ಕರೆದುಕೊಂಡು ಐದು ದಿನ ಬೇರೆ ಊರಿಗೆ ಹೋದಳು. ಮೂರನೇ ದಿನ ಮಧ್ಯಾಹ್ನ ಊಟವಾದ ಮೇಲೆ ನಾನು ಆ ತಗಡಿನ ಪೆಟ್ಟಿಗೆ ತೆಗೆದೆ. ಬೀಗ ಇರಲಿಲ್ಲ. ಈ ಊರಿನಲ್ಲಿ ಯಾವ ಪೆಟ್ಟಿಗೆಗೂ ಬೀಗ ಇಲ್ಲ, ಅದೇ ಹೆಚ್ಚು ಚುಚ್ಚಿತು. ಅವನು ಬಾಗಿಲಲ್ಲಿ ನಿಂತಿರುವ ಚೌಕ ಒಂದನ್ನು ನೋಡಿ ಇಟ್ಟುಬಿಡೋಣ ಅಂದುಕೊಂಡಿದ್ದವನು ಮೊದಲ ಪುಟ ನೋಡಿದೆ. ನೋಡಿದವನು ಓದುತ್ತ ಹೋದೆ. ಎಂಥ ಹುಡುಗಿ ಆ ಮಿಂಚಮ್ಮ. ಕೋಟಪ್ಪನೂ ಅಷ್ಟೇ, ಅವನ ಮೀಸೆಯ ತುದಿಯಲ್ಲಿ ಕಾಗೆ ಕೂರುವಷ್ಟು ಜಾಗ ಇತ್ತು. ಹದಿನೆಂಟು, ಹತ್ತೊಂಬತ್ತನೇ ಪುಟಕ್ಕೆ ಬರುವಷ್ಟರಲ್ಲಿ ನಾನು ಒಬ್ಬನೇ ನಗುತ್ತಿದ್ದೆ. ಅಷ್ಟರಲ್ಲಿ ಹೊರಗೆ ಆಟೋ ನಿಂತ ಸದ್ದಾಯಿತು. ತಂಡ ಮೊದಲ ಸುತ್ತಿನಲ್ಲೇ ಸೋತಿತೇನೋ ಅಂದುಕೊಂಡು, ಪುಸ್ತಕ ಮುಚ್ಚುವ ಅವಸರದಲ್ಲಿ ಹತ್ತೊಂಬತ್ತನೇ ಪುಟ ಬುಡದಿಂದ ಪರ್ರನೆ ಹರಿಯಿತು. ಆಟೋ ಬಂದದ್ದು ಪುಟ್ಟಲಿಂಗಮ್ಮನವರ ಮನೆಗೆ.

ಹರಿದದ್ದನ್ನು ಹಾಗೇ ಬಿಟ್ಟರೆ ನನಗೆ ಅನ್ನ ಇಳಿಯುವುದಿಲ್ಲ, ಅದು ನನ್ನ ಕಸುಬಿನ ದೋಷ. ಮೈದಾ ಕಲಸಿ, ಕುದಿಸಿ, ಅಂಟು ಮಾಡಿ, ತೆಳ್ಳಗಿನ ಕಾಗದದ ಪಟ್ಟಿ ಇಟ್ಟು ಹಚ್ಚಿದೆ. ಪುಸ್ತಕ ಮುಚ್ಚಿ ಅದರ ಮೇಲೆ ಒಂದು ಹೊಲಿಗೆ ಯಂತ್ರದ ತಲೆಯನ್ನೇ ಹೇರಿ ರಾತ್ರಿಯೆಲ್ಲ ಬಿಟ್ಟೆ. ಬೆಳಿಗ್ಗೆ ನೋಡಿದರೆ ಪುಸ್ತಕ ಮೊದಲಿಗಿಂತ ಗಟ್ಟಿಯಾಗಿ ಕಂಡಿತು. ಒಳಗೆ ತೆರೆದು ನೋಡುವ ಧೈರ್ಯ ಆಗಲಿಲ್ಲ. ಪೆಟ್ಟಿಗೆಯಲ್ಲಿ ಇದ್ದ ಹಾಗೇ ಇಟ್ಟೆ. ಜಲಜ ಕಪ್ ಗೆದ್ದುಕೊಂಡು ಬಂದಳು.

ಮುಂದಿನ ಎರಡನೇ ಶನಿವಾರ ಅವಳು ಬೆಳಿಗ್ಗೆ ಏಳಕ್ಕೇ ಕೂತಳು. ಬೀದಿಯವರೆಲ್ಲ ಏನಾದರೊಂದು ನೆಪ ಹಿಡಿದು ನಮ್ಮ ಮನೆಯ ಮುಂದೆ ಎರಡೆರಡು ಸಲ ಓಡಾಡಿದರು. ಸಂಜೆ ಬಾಗಿಲು ತೆಗೆದವಳ ಮುಖ ಬಾಡಿತ್ತು. ಏನೂ ಬಂದಿರಲಿಲ್ಲ. "ಎಲ್ಲೋ ಹಾರಿಸಿರ್ಬೇಕು ಬಿಡು," ಅಂದೆ. "ನಾನಾ? ಹಾರಿಸೋದಾ? ಒಂದೊಂದ್ ಮಾತೂ ಬಾಯಲ್ಲಿದೆ ನನಗೆ," ಅಂದಳು. ಅದರ ಮುಂದಿನ ತಿಂಗಳೂ ಬರಲಿಲ್ಲ. ಅದರ ಮುಂದಿನ ತಿಂಗಳೂ ಇಲ್ಲ. ಕೋಟಪ್ಪ ಕೈ ಹಿಂದೆ ಕಟ್ಟಿಕೊಂಡು ನಿಂತೇ ಇದ್ದ.

ಮೂರು ಓದು ಬರಿದಾದರೆ ಆ ಕಥೆ ದಡ ಸೇರಿತು ಅಂತ ಈ ಊರಿನ ಲೆಕ್ಕ. ಅಂಥ ಪುಸ್ತಕವನ್ನು ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ನೆಂಟರಿಷ್ಟರನ್ನು ಕರೆದು, ತಿಂಡಿ ಹಾಕಿ, ಓದಿದವರು ಬೇರಿನಿಂದ ತುದಿಯವರೆಗೆ ಇಡೀ ಕಥೆಯನ್ನು ಒಂದೇ ಒಂದು ಸಲ ಬಾಯಲ್ಲಿ ಹೇಳುತ್ತಾರೆ. ಆಮೇಲೆ ಗಂಗಾಧರಯ್ಯನವರು ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಹುರಿಯಿಂದ ಕಟ್ಟಿ, ಲೈಬ್ರರಿಯ ಅಟ್ಟಕ್ಕೆ ಏರಿಸುತ್ತಾರೆ. ಅಟ್ಟ ಏರಿದ ಪುಸ್ತಕವನ್ನು ಮತ್ತೆ ಯಾರೂ ಬಿಚ್ಚುವುದಿಲ್ಲ. ಕೆಲವರಿಗೆ ಅದು ಸಂತೋಷದ ದಿನ, ಕಥೆ ನೆಟ್ಟಗೆ ಮುಗಿದಿರುತ್ತದೆ. ಜಲಜಳಿಗೆ ಹಾಗಾಗಲಿಲ್ಲ. "ಹೀಗೂ ಮುಗಿಯುತ್ತಾ ರೀ?" ಅಂತ ಕೇಳಿದಳು. "ಬಾಗಿಲಲ್ಲಿ ನಿಲ್ಸಿ ಹೋಗ್ಬಿಡೋದಾ? ಅವನು ಯಾಕ್ ಬಂದ ಅಂತ ನಾನು ಸಾಯೋವರೆಗೂ ಯೋಚ್ನೆ ಮಾಡ್ತಾ ಇರ್ಬೇಕಾ?" ಅವಳು ಅಳುವ ಪೈಕಿ ಅಲ್ಲ. ಆ ವಾರವೆಲ್ಲ ಮೈದಾನದಲ್ಲಿ ಸೀಟಿ ಊದಲಿಲ್ಲ ಅಂತ ಮಕ್ಕಳು ಹೇಳಿದರು.

ನಾನು ಮುಟ್ಟಿದ್ದರಿಂದಲೇ ಕಥೆ ನಿಂತಿತು ಅಂತ ನನಗೆ ಗಟ್ಟಿಯಾಗಿ ಅನ್ನಿಸಿತ್ತು. ಹೇಳಬೇಕು ಅಂತ ದಿನಕ್ಕೆ ನಾಲ್ಕು ಸಲ ಬಾಯಿ ತೆರೆಯುತ್ತಿದ್ದೆ, ಸಾರಿಗೆ ಉಪ್ಪು ಸಾಲದು ಅಂತ ಏನೋ ಹೇಳಿ ಮುಚ್ಚುತ್ತಿದ್ದೆ. ಹೇಳಿದರೆ ಅವಳಿಗೆ ಚೌಕವೇನೂ ಬರುವುದಿಲ್ಲ, ಇರುವ ಗಂಡನೂ ಕಳ್ಳನಾಗುತ್ತಾನೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹೇಡಿತನಕ್ಕೆ ಕಾರಣಗಳು ಸಲೀಸಾಗಿ ಸಿಗುತ್ತವೆ.

ಅಟ್ಟ ಏರಿಸುವ ಭಾನುವಾರ ಬಂತು. ನಮ್ಮ ಅಂಗಳದಲ್ಲಿ ಚಾಪೆ ಹಾಸಿದ್ದೆವು. ಮೂಲೆಯಲ್ಲಿ ಒಲೆ ಹೂಡಿ ಎರಡು ದೊಡ್ಡ ಪಾತ್ರೆಯಲ್ಲಿ ಇಡ್ಲಿ ಬೇಯುತ್ತಿತ್ತು, ಅದರ ಉಸ್ತುವಾರಿ ಪುಟ್ಟಲಿಂಗಮ್ಮನವರದು. ಬೀದಿಯವರು, ಶಾಲೆಯವರು ಎಲ್ಲ ಸೇರಿ ಐವತ್ತು ಜನ ಇದ್ದರು. ಗಂಗಾಧರಯ್ಯನವರು ಬಿಳಿ ಬಟ್ಟೆ, ಹುರಿ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ಜಲಜ ಹಸಿರು ಸೀರೆ ಉಟ್ಟು, ಪುಸ್ತಕವನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡು ಕಥೆ ಶುರುಮಾಡಿದಳು.

ಎಷ್ಟು ಚೆನ್ನಾಗಿ ಹೇಳಿದಳು ಅಂದರೆ, ಇವಳು ಇಷ್ಟು ದಿನ ನಮಗೆ ಬರೀ ಲೆಫ್ಟ್ ರೈಟ್ ಕೇಳಿಸಿದಳಲ್ಲ ಅಂತ ಹೆಡ್‌ಮಾಸ್ತರು ಬಾಯಿ ಬಿಟ್ಟುಕೊಂಡು ಕೂತರು. ಕೋಟಪ್ಪನಿಗೆ ಮೂಗಿನಲ್ಲಿ ಮಾತಾಡಿದಳು, ಮಿಂಚಮ್ಮನಿಗೆ ಪಟಪಟ. ಪೋಸ್ಟಾಫೀಸಿನ ಗಂಟೆ ಹೋಯಿತು, ಐಸ್‌ಕ್ಯಾಂಡಿಯವನ ಗಂಟೆ ಹೋಯಿತು, ಕೊನೆಗೆ ಶಾಲೆಯ ಗಂಟೆಯನ್ನೂ ಕಿತ್ತು ಗೋಣಿಚೀಲಕ್ಕೆ ಹಾಕಿಕೊಂಡು ಕೋಟಪ್ಪ ಕಾಂಪೌಂಡು ಹಾರಿದ. ಜನ ಬಿದ್ದು ಬಿದ್ದು ನಕ್ಕರು. "'ಇನ್ನು ಉಳಿದಿರೋದು ಬಾವಿಕಟ್ಟೆ ಗಂಟೆ ಒಂದೇ, ಅದೂ ನಂದೇ' ಅಂದ ಕೋಟಪ್ಪ," ಅಂತ ಜಲಜ ಮೂಗಿನಲ್ಲಿ ಹೇಳಿ, ಒಂದು ಉಸಿರು ತೆಗೆದುಕೊಂಡು, "'ಅಲ್ಲೇ ನಿಲ್ಲು, ಕಳ್ಳ ನನ್ಮಗನೆ' ಅಂತ ಮಿಂಚಮ್ಮ ಬಾವಿಕಟ್ಟೆ ಹತ್ರ ಸೈಕಲ್ಲಿಂದ ಹಾರಿದ್ಲು," ಅಂದಳು.

"ಅವಲಕ್ಕಿ," ಅಂದೆ ನಾನು.

ಬೇಕಂತ ಅಂದದ್ದಲ್ಲ. ಕಥೆಯಲ್ಲಿ ಮುಳುಗಿದ್ದೆ, ಬಾಯಿಂದ ಬಂದುಬಿಟ್ಟಿತು. ಜಲಜ ನಿಲ್ಲಿಸಿದಳು. "ಏನಂದ್ರಿ?"

"ಅವರು ಅವಲಕ್ಕಿ ತಿಂದಿದ್ದನ್ನ ನೀನು ಬಿಟ್ಟೆ. ಹೊಂಗೆ ಮರದ ಕೆಳಗೆ."

ಪುಟ್ಟಲಿಂಗಮ್ಮನವರು ಸೌಟು ಹಿಡಿದುಕೊಂಡೇ ತಿರುಗಿದರು. "ಭದ್ರಣ್ಣ, ಬೇರು ನಿಮಗೆ ಹೆಂಗೆ ಗೊತ್ತು? ಪುಸ್ತಕ ಮುಟ್ಟಿದ್ರಾ?"

ಇನ್ನು ಸಾರಿಗೆ ಉಪ್ಪು ಸಾಲದು ಅಂತ ಹೇಳುವ ಹಾಗಿರಲಿಲ್ಲ. ಎದ್ದು ನಿಂತು ಎಲ್ಲವನ್ನೂ ಹೇಳಿದೆ. ಖೋಖೋ, ಪೆಟ್ಟಿಗೆ, ಆಟೋ, ಮೈದಾ ಅಂಟು, ಹೊಲಿಗೆ ಯಂತ್ರದ ತಲೆ. ಐವತ್ತು ಜನರ ಮುಂದೆ ಹೇಳಿದ್ದಕ್ಕಿಂತ ಅವಳೊಬ್ಬಳು ನೋಡುತ್ತಿದ್ದ ನೋಟ ಹೆಚ್ಚು ಸುಡುತ್ತಿತ್ತು. "ನಾನೇ ನಿನ್ ಕಥೆ ಕೆಡಿಸಿದ್ದು ಜಲಜಾ. ಮೂರು ತಿಂಗಳಿಂದ ಹೇಳ್ಬೇಕು ಹೇಳ್ಬೇಕು ಅಂತಿದ್ದೆ, ಧೈರ್ಯ ಬರಲಿಲ್ಲ," ಅಂದೆ. ಅವಳು ಬೈಯುತ್ತಾಳೆ ಅಂತ ಕಾದೆ. ಅವಳು ನನ್ನನ್ನು ನೋಡುತ್ತಿದ್ದರೂ ನನ್ನ ಮಾತು ಕೇಳುತ್ತಿರಲಿಲ್ಲ.

"ಅವಲಕ್ಕಿ," ಅಂತ ತನ್ನಷ್ಟಕ್ಕೆ ಹೇಳಿಕೊಂಡಳು. "ಹೌದು. ಊಟದ ಡಬ್ಬಿ. ಅವನು ಗಂಟೆ ಚೀಲದ ಮೇಲೆ ಕೂತಿರ್ತಾನೆ, ಅಲ್ಲಾಡಿದ್ರೆ ಢಣ್ ಅಂದ್ಬಿಡುತ್ತೆ ಅಂತ ಕಂಬದ ಥರ ಕೂತಿರ್ತಾನೆ. ಅವಳಿಗೆ ಅವನು ಕಳ್ಳ ಅಂತ ಗೊತ್ತಿರೋಲ್ಲ. ಹಸಿದಿದಾನೆ ಅಂತ ಡಬ್ಬಿ ಮುಚ್ಚಳದಲ್ಲಿ ಅರ್ಧ ಹಾಕಿಕೊಡ್ತಾಳೆ." ಅವಳು ಮಡಿಲಿನ ಪುಸ್ತಕ ತೆರೆದು ಹಾಳೆ ಮಗುಚಿದಳು. ಹದಿನಾರು, ಹದಿನೇಳು. ಮಗುಚಿದರೆ ಇಪ್ಪತ್ತು. ನಡುವಿನ ಎರಡು ಪುಟ ಒಂದಕ್ಕೊಂದು ಕಚ್ಚಿಕೊಂಡು ಒಂದೇ ಹಾಳೆಯಾಗಿದ್ದವು. ಕಾಗದದ ಪಟ್ಟಿಯ ಅಂಚಿನಿಂದ ಹೊರಬಂದ ನನ್ನ ಅಂಟು ಹರಿದದ್ದನ್ನು ಕೂಡಿಸುವುದರ ಜೊತೆಗೆ ಎದುರಿನ ಪುಟವನ್ನೂ ಹಿಡಿದುಬಿಟ್ಟಿತ್ತು.

"ಮೂರು ಸಲ ಓದಿದೆ," ಅಂದಳು ಜಲಜ. ಸ್ವರ ಸಣ್ಣಗಾಗಿತ್ತು. "ಮೂರು ಸಲವೂ ನನಗೆ ಗೊತ್ತಾಗಲಿಲ್ಲ. ಆ ಎರಡು ಪುಟದಲ್ಲಿ ಮಾತಿಲ್ಲ, ಬರೀ ಚಿತ್ರ. ಮಾತಷ್ಟೂ ಬಾಯಿಗೆ ಬರ್ತಿತ್ತಲ್ಲ, ಬಾಯಿ ತನ್ನ ಪಾಡಿಗೆ ಓದ್ಕೊಂಡು ಹೋಗ್ತಿತ್ತು. ಕಣ್ಣು ಎಲ್ಲಿಟ್ಟಿದ್ನೋ." ಹೀಗೆ ಹೇಳಿ ಅವಳು ಜನರ ಮುಂದೆ ತಲೆ ತಗ್ಗಿಸಿದಳು. ತಪ್ಪು ಮಾಡಿದವನು ನಾನು, ನಾಚಿಕೆ ಪಟ್ಟವಳು ಅವಳು. ನನಗೆ ಅವಳ ಮೇಲೆ ಅಷ್ಟು ಪ್ರೀತಿ ಮದುವೆಯ ದಿನವೂ ಬಂದಿರಲಿಲ್ಲ.

ಗಂಗಾಧರಯ್ಯನವರು ತೊಡೆಯ ಮೇಲಿದ್ದ ಬಟ್ಟೆಯನ್ನು ನಿಧಾನವಾಗಿ ಮಡಚಿ ಜೇಬಿಗೆ ತುರುಕಿಕೊಂಡರು. "ಪುಟ ಹಾರಿದ ಓದು ಓದಲ್ಲ. ನೀನು ಮೂರು ತಿಂಗಳಿಂದ ಓದೇ ಇಲ್ಲ ಕಣಮ್ಮ. ಓದದೇ ಇರೋ ಪುಸ್ತಕವನ್ನ ನಾನು ಯಾಕೆ ಅಟ್ಟ ಏರಿಸ್ಲಿ? ಮೊದ್ಲು ಅದನ್ನ ಬಿಡ್ಸಿ."

"ಹರಿದ್ರೆ?" ಅಂದರು ಪುಟ್ಟಲಿಂಗಮ್ಮ.

ಅದನ್ನೇ ಎಲ್ಲರೂ ಯೋಚಿಸುತ್ತಿದ್ದರು. ಆ ಎರಡು ಪುಟ ಹರಿದು ಹೋದರೆ ಇನ್ನು ಈ ಜನ್ಮದಲ್ಲಿ ಪೂರ್ತಿ ಓದು ಇಲ್ಲ, ಕೋಟಪ್ಪ ಬಾಗಿಲಲ್ಲಿ ನಿಂತೇ ಇರಬೇಕು. ಜಲಜ ಎದ್ದು ನನ್ನ ಹತ್ತಿರ ಬಂದಳು. ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ಚಾಚಿದಳು. ಈ ಊರಿನಲ್ಲಿ ಒಬ್ಬರು ಇನ್ನೊಬ್ಬರಿಗೆ ತಮ್ಮ ಕಾಮಿಕ್ಸ್ ಕೊಟ್ಟದ್ದನ್ನು ಯಾರೂ ನೋಡಿರಲಿಲ್ಲ. "ಅಂಟಿಸಿದೋರೇ ಬಿಡ್ಸಿ. ಇಷ್ಟು ಜನರಲ್ಲಿ ಕೈ ಪಳಗಿರೋದು ನಿಮ್ದೊಂದೇ," ಅಂದಳು. ಮುಖ ಇನ್ನೂ ಬಿಗಿಯಾಗಿಯೇ ಇತ್ತು.

ಇಡ್ಲಿ ಪಾತ್ರೆಯ ಮುಚ್ಚಳ ಸರಿಸಿ, ಏಳುತ್ತಿದ್ದ ಹಬೆಗೆ ಆ ಜೋಡಿ ಹಾಳೆಯನ್ನು ದೂರದಿಂದ ಹಿಡಿದೆ. ಹತ್ತಿರ ಹಿಡಿದರೆ ಬಣ್ಣ ಕದಡುತ್ತದೆ, ದೂರವಾದರೆ ಅಂಟು ಮೆತ್ತಗಾಗುವುದಿಲ್ಲ. ನನ್ನ ರಿಪೇರಿ ಅಂಗಡಿಯಿಂದ ತಂದ ತೆಳು ಸ್ಟೀಲ್ ಪಟ್ಟಿಯನ್ನು ಅಂಚಿನಲ್ಲಿ ತೂರಿಸಿ ಕೂದಲೆಳೆಯಷ್ಟು, ಮತ್ತೆ ಕೂದಲೆಳೆಯಷ್ಟು ಸರಿಸಿದೆ. ಐವತ್ತು ಜನ ಸುತ್ತ ನಿಂತಿದ್ದರು. ಎರಡನೇ ಒಬ್ಬೆ ಇಡ್ಲಿ ಕಲ್ಲಾಗಿ ಹೋಯಿತು. ಅರ್ಧ ಗಂಟೆಯ ಮೇಲೆ ಎರಡು ಪುಟ ಒಂದನ್ನೊಂದು ಬಿಟ್ಟವು. ಹೊಂಗೆ ಮರದ ಎಲೆಯ ಹಸಿರು ಒಂದು ಕಡೆ ಸ್ವಲ್ಪ ಮಾಸಿತ್ತು, ಅಷ್ಟೇ. ಮುಚ್ಚಳದಲ್ಲಿ ಅವಲಕ್ಕಿ ಹಿಡಿದುಕೊಂಡು, ಗಂಟೆಗಳ ಮೇಲೆ ಅಲ್ಲಾಡದೆ ಕೂತ ಕೋಟಪ್ಪ, ಕಣ್ಣಂಚಿನಲ್ಲಿ ಒಂದು ಹನಿ ಇಟ್ಟುಕೊಂಡು ನಮ್ಮನ್ನೆಲ್ಲ ನೋಡುತ್ತಿದ್ದ. ಜನ ಮುಖ ತಿರುಗಿಸಿಕೊಂಡರು, ನೋಡಬಾರದಲ್ಲ. ಆದರೆ ಯಾರೂ ಪೂರ್ತಿ ತಿರುಗಿಸಲಿಲ್ಲ.

ಜಲಜ ಪುಸ್ತಕ ತೆಗೆದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆಗ ಬೆಳಿಗ್ಗೆ ಹತ್ತೂವರೆ. ಒಬ್ಬರೂ ಮನೆಗೆ ಹೋಗಲಿಲ್ಲ. ಕಲ್ಲಾದ ಇಡ್ಲಿಯನ್ನು ಚಟ್ನಿಯಲ್ಲಿ ನೆನೆಸಿಕೊಂಡು ತಿಂದರು. ಹೆಡ್‌ಮಾಸ್ತರು ಚಾಪೆಯ ಮೇಲೆ ಒಂದು ನಿದ್ದೆ ತೆಗೆದರು. ಪುಟ್ಟಲಿಂಗಮ್ಮನವರು ಹೋಗುತ್ತ ಬರುತ್ತ ನನಗೊಂದು ಮಾತು ಚುಚ್ಚಿದರು, ಆದರೆ ಮಧ್ಯಾಹ್ನ ತಟ್ಟೆಗೆ ಮೊಸರನ್ನ ಬಡಿಸುವಾಗ ಉಪ್ಪಿನಕಾಯಿ ಎರಡು ಹೋಳು ಹೆಚ್ಚಿಗೆ ಹಾಕಿದರು. ಬಾಗಿಲ ಹಿಂದಿನಿಂದ ಯಾವಾಗಲೂ ನಗು ಬರುವ ಜಾಗಗಳಲ್ಲಿ ಈ ಸಲ ಬರಲಿಲ್ಲ. ಬಾರದ ಜಾಗದಲ್ಲಿ ಬಂತು. ಮೂವತ್ತು ವರ್ಷದಿಂದ ಹೊರಗೆ ಕೂತು ಕೇಳಿದವನು ನಾನು, ನನಗೆ ಗೊತ್ತಾಗುತ್ತದೆ. ಒಮ್ಮೆ ಬಹಳ ಹೊತ್ತು ಹಾಳೆ ಮಗುಚಿದ ಸದ್ದೇ ಕೇಳಲಿಲ್ಲ. ಅವಲಕ್ಕಿಯ ಹತ್ತಿರ ಇದ್ದಾಳೆ ಅಂದುಕೊಂಡೆ.

ಬಿಸಿಲು ಅಂಗಳ ದಾಟಿ ಎದುರು ಗೋಡೆಗೆ ಹೋದ ಮೇಲೆ ಬಾಗಿಲು ತೆರೆಯಿತು. ಎಲ್ಲರೂ ಒಟ್ಟಿಗೆ ಎದ್ದರು. ಜಲಜ ಯಾರ ಕಡೆಯೂ ನೋಡಲಿಲ್ಲ. "ರೀ, ಬನ್ನಿ ಇಲ್ಲಿ," ಅಂದಳು.

ಒಳಗೆ ಹೋಗಿ ಅವಳ ಮುಂದೆ ನಿಂತೆ. ಅವಳು ಪುಸ್ತಕದ ಕೊನೆಯ ಪುಟವನ್ನು ನನ್ನ ಕಡೆ ತಿರುಗಿಸಿದಳು. ಚೌಕ ಬಂದಿತ್ತು. ಬಣ್ಣ ಇನ್ನೂ ಹಸಿಯೇನೋ ಅನ್ನುವ ಹಾಗೆ ಹೊಳೆಯುತ್ತಿತ್ತು. ಈ ಸಲ ಕೋಟಪ್ಪನನ್ನು ಹಿಂದಿನಿಂದ ಬರೆದಿತ್ತು. ಬಗ್ಗಿದ ಬೆನ್ನು, ತೇಪೆ ಹಾಕಿದ ಅಂಗಿ, ಬೆನ್ನ ಹಿಂದೆ ಎರಡು ಮುದಿ ಕೈ. ಮಚ್ಚಿಲ್ಲ, ಮಲ್ಲಿಗೆ ಇಲ್ಲ, ಗಂಟೆ ಇಲ್ಲ, ಮೀಸೆಯ ಪೊಟ್ಟಣವೂ ಇಲ್ಲ. ಬಲಗೈ ಎಡಗೈಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡಿತ್ತು. ಅದರ ಸುತ್ತ ನಡುಕ ತೋರಿಸಲು ಹಾಕುವ ಸಣ್ಣ ಸಣ್ಣ ಗೆರೆಗಳಿದ್ದವು.

"ಏನೂ ಇಲ್ವಲ್ಲ," ಅಂದೆ.

"ಏನೂ ಇಲ್ಲ ಕಣ್ರಿ. ಕೈ ನಡುಗ್ತಿದೆ, ಅವಳಿಗೆ ಕಾಣಬಾರದು ಅಂತ ಹಿಡ್ಕೊಂಡಿದಾನೆ ಅಷ್ಟೆ. ಅವತ್ತು ಅನ್ನ ಹಾಕಿದೋಳು ಇವತ್ತು ಒಳಗೆ ಕರೀತಾಳೋ ಇಲ್ವೋ ಅಂತ ಹೆದ್ರಿಕೆ. ಪಾಪ, ಬರಿಗೈಲಿ ಬಂದಿದಾನೆ. ನಾವು ಇಡೀ ಊರು ಸೇರಿ ಅವನ ಕೈಗೆ ಏನೇನೋ ಕೊಟ್ವಿ." ಹೇಳುತ್ತ ಹೇಳುತ್ತ ಅವಳಿಗೆ ನಗು ಉಕ್ಕಿತು. ನಕ್ಕಳು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು, ಸೆರಗಿನಿಂದ ಒರೆಸಿಕೊಂಡು ಮತ್ತೆ ನಕ್ಕಳು. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿದಳು. "ನಿಮ್ದೇನು ಅದು, ಬೆನ್ನ ಹಿಂದೆ?"

ಆಗಲೇ ನನಗೆ ಗೊತ್ತಾದದ್ದು, ನಾನೂ ಎರಡು ಕೈಯನ್ನು ಹಿಂದೆ ಹಿಡಿದುಕೊಂಡು ನಿಂತಿದ್ದೇನೆ ಅಂತ. ಮುಂದೆ ತಂದು ತೋರಿಸಿದೆ. ಬೆರಳ ತುದಿಯಲ್ಲಿ ಒಣಗಿದ ಮೈದಾ ಅಂಟು ಬಿಟ್ಟರೆ ಬೇರೇನೂ ಇರಲಿಲ್ಲ. ನಡುಗುತ್ತಿದ್ದವು, ಸುಳ್ಳು ಹೇಳುವುದಿಲ್ಲ.

ಜಲಜ ಆ ಕೈ ಹಿಡಿದು ನನ್ನನ್ನು ಕಿಟಕಿಯ ಹತ್ತಿರ ಚಾಪೆಯ ಮೇಲೆ ಕೂರಿಸಿಕೊಂಡಳು. ಹೊರಗೆ ಪುಟ್ಟಲಿಂಗಮ್ಮನವರು, "ಏನ್ ಬಂತೇ ಜಲಜಾ, ಮಚ್ಚೇ ತಾನೆ? ಹೇಳ್ಬಾರ್ದಾ?" ಅಂತ ಬಾಗಿಲು ಬಡಿಯುತ್ತಿದ್ದರು. ಅವಳು ಕೇಳಿಸಿಕೊಳ್ಳಲಿಲ್ಲ. ಪುಸ್ತಕವನ್ನು ಅರ್ಧ ತನ್ನ ಮಡಿಲಲ್ಲಿ, ಅರ್ಧ ನನ್ನ ಮಡಿಲಲ್ಲಿ ಇಟ್ಟು ಮೊದಲ ಪುಟ ತೆರೆದಳು.

"ನಿಧಾನಕ್ಕೆ ಓದಿ," ಅಂದಳು. "ಮಾತಿಲ್ಲದ ಪುಟಾನೂ ಓದ್ಬೇಕು."